ಸೀಸದ ಓಣಿ

ಫೆಬ್ರವರಿ ೧೧

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದಗಳು.

ಸುಖವಾಗಿ ತಲುಪಿದ್ದೀಯ ಎಂದುಕೊಂಡಿದ್ದೇನೆ. ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ.

ಒಂದು ಮಾತು, ಬೇಸರ ಮಾಡಿಕೊಳ್ಳಬೇಡ. ಊಟಕ್ಕೆ ಕೂರುವ ಮೊದಲು ನಿನ್ನ ಅತ್ತಿಗೆ ತೊಳೆದಿಟ್ಟ ತಟ್ಟೆಯನ್ನೇ ನೀನು ಮತ್ತೆ ತೊಳೆದದ್ದನ್ನು ಅವಳು ನೋಡಿದ್ದಾಳೆ. ನೀನು ಬಸ್ಸು ಹತ್ತಿದ ಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದ್ದೇ ಮಾಡಿದ್ದು. ನನ್ನ ತಂಗಿ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಕೂತು ದಿನವಿಡೀ ಊರವರ ರಕ್ತ ನೋಡುವವಳು, ಅವಳ ಕಣ್ಣಿಗೆ ಎಲ್ಲೆಲ್ಲೂ ಕೊಳೆಯೇ ಕಾಣುತ್ತದೆ ಎಂದು ನಾನೇ ಸಮಾಧಾನ ಹೇಳಿದೆ.

ಪಿಟೀಲು ನಿನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಸೂಜಿ ಚುಚ್ಚಿಸಿಕೊಂಡರೆ ಚಾಕೊಲೇಟು ಕೊಡುತ್ತೇನೆಂದು ಹೇಳಿ ಬಣ್ಣದ ಪೆನ್ಸಿಲು ಕೊಟ್ಟೆಯಂತೆ. ಮಾತು ಕಲಿತಾಗಿನಿಂದ ಕಿವಿಯ ಹತ್ತಿರ ಒಂದೇ ಸಮನೆ ಕುಯ್ಯುತ್ತಾಳೆಂದು ಮಗಳಿಗೆ ನಾವಿಟ್ಟ ಹೆಸರು ಅದು. ಈಗೀಗ ಆ ಹೆಸರು ಅವಳಿಗೆ ಅಷ್ಟು ಒಪ್ಪುವುದಿಲ್ಲ. ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕೂತುಬಿಡುತ್ತಾಳೆ. ಹುಳ ಇರಬೇಕು. ಶಾಲೆಯಲ್ಲಿ ಟೀಚರಮ್ಮ ಅವಳನ್ನು ಹಿಂದಿನ ಬೆಂಚಿಗೆ ಹಾಕಿದ್ದಾರೆ. ಹೋಗಿ ನೋಡಿದರೆ ಆ ಬೆಂಚಿನ ತುಂಬ ನಮ್ಮ ಓಣಿಯ ಮಕ್ಕಳೇ. "ನಿಮ್ಮ ಓಣಿ ಮಕ್ಳಿಗೆ ನಿನ್ನೆ ಹೇಳಿಕೊಟ್ಟಿದ್ದು ಇವತ್ತಿಗೆ ಇರಲ್ಲ," ಅಂದರು. ಲೆಕ್ಕ ನಮ್ಮ ವಂಶಕ್ಕೇ ಆಗಿಬರುವುದಿಲ್ಲ, ನೀನೊಬ್ಬಳು ಹೇಗೋ ತಪ್ಪಿಸಿಕೊಂಡೆ ಎಂದು ನಕ್ಕು ಬಂದೆ.

ಅವಳ ತಮ್ಮ ಮರಿ, ನೀನು ಹೋದ ಮರುದಿನದಿಂದಲೇ ಅಂಬೆಗಾಲಿಡುತ್ತಿದ್ದಾನೆ. ಮನೆಯ ಒಂದು ಮೂಲೆಯನ್ನೂ ಬಿಟ್ಟಿಲ್ಲ.

ಪಿಟೀಲಿನ ರಕ್ತದಲ್ಲಿ ಏನು ಕಂಡಿತೆಂದು ಬರೆ. ಹುಳಕ್ಕೆ ಮಾತ್ರೆಯಿದ್ದರೆ ಕಳಿಸು.

ನಿನ್ನ ಅಣ್ಣ

—

ಫೆಬ್ರವರಿ ೨೪

ಅಣ್ಣನಿಗೆ ನಮಸ್ಕಾರ.

ಇದು ಅಂಗಡಿಯ ಫೋನಿಗೆ ಕರೆದು ಹೇಳುವ ಮಾತಲ್ಲ, ಅಲ್ಲಿ ಓಣಿಯೆಲ್ಲ ಕಿವಿಯಾಗಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು. ಅರ್ಧಕ್ಕೆ ಮಡಚಿಡಬೇಡ.

ಹುಳ ಅಲ್ಲ. ಪಿಟೀಲಿನ ರಕ್ತದಲ್ಲಿ ಸೀಸವಿದೆ. ನಂಬಿಕೆಯಾಗದೆ ಎರಡನೇ ಸಲ ನಾನೇ ಪರೀಕ್ಷೆ ಮಾಡಿದೆ, ಆಮೇಲೆ ನಮ್ಮ ಡಾಕ್ಟರಮ್ಮನಿಗೆ ತೋರಿಸಿದೆ. ಮಕ್ಕಳ ಮೈಯಲ್ಲಿ ಇರಲೇಬಾರದ ವಸ್ತು ಅದು, ಅವಳಲ್ಲಿ ಬೇಕಾದಷ್ಟಿದೆ. ಹೊಟ್ಟೆನೋವು ಅದರಿಂದಲೇ. ಮಾತು ಕಡಿಮೆಯಾದದ್ದು, ಪಾಠ ತಲೆಯಲ್ಲಿ ನಿಲ್ಲದ್ದು ಅದರಿಂದಲೇ. ಆ ಹಿಂದಿನ ಬೆಂಚಿನಲ್ಲಿ ಕೂತಿರುವುದು ವಂಶವಲ್ಲ ಅಣ್ಣ, ನಿಮ್ಮ ಶೆಡ್ಡಿನ ಹೊಗೆ.

ನೀನು ಹಳೇ ಬ್ಯಾಟರಿ ಒಡೆದು ಸೀಸ ಕಾಯಿಸುವಾಗ ಏಳುವ ಧೂಳು ನಿನ್ನ ಅಂಗಿಯಲ್ಲಿ, ತಲೆಗೂದಲಲ್ಲಿ ಕೂತು ಮನೆಗೆ ಬರುತ್ತದೆ. ನೀನು ಬಂದ ಕೂಡಲೇ ಅವಳು ಓಡಿಬಂದು ನಿನ್ನ ಕಾಲು ತಬ್ಬಿಕೊಳ್ಳುತ್ತಾಳೆ. ನಾನು ಅಲ್ಲಿದ್ದಾಗ ದಿನವೂ ನೋಡಿದೆ, ಹೇಳಲು ಬಾಯಿ ಬರಲಿಲ್ಲ.

ಕೆಲಸದ ಬಟ್ಟೆ ಶೆಡ್ಡಿನಲ್ಲೇ ಬಿಡು, ಅಲ್ಲೇ ಸ್ನಾನ ಮಾಡಿ ಬಾ. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳಿಗೆ ಹಾಲು, ಸೊಪ್ಪು, ಮೊಟ್ಟೆ ಕೊಡಿ. ಹಸಿದ ಹೊಟ್ಟೆ ಸೀಸವನ್ನು ಇನ್ನಷ್ಟು ಹೀರಿಕೊಳ್ಳುತ್ತದೆ. ಆದರೆ ಇವೆಲ್ಲ ಮೇಲುಮೇಲಿನ ಉಪಾಯ. ಆ ಜಾಗದಿಂದ ಅವಳು ಹೊರಗೆ ಬರಬೇಕು. ಸಾಧ್ಯವಾದರೆ ನೀನು ಆ ಕೆಲಸವನ್ನೇ ಬಿಡಬೇಕು.

ಅತ್ತಿಗೆಗೆ ಹೇಳು, ತಟ್ಟೆ ತೊಳೆದದ್ದು ಅವರ ಮೇಲಿನ ಅಸಹ್ಯಕ್ಕಲ್ಲ.

ನಿನ್ನ ತಂಗಿ

—

ಮಾರ್ಚ್ ೧೫

ತಂಗಿಗೆ,

ಕಾಗದ ಪೂರ್ತಿ ಓದಿದೆ. ನಿನ್ನ ಅತ್ತಿಗೆಗೂ ಓದಿ ಹೇಳಿದೆ. ಅವಳು ಅಂದಿನಿಂದ ನೆಲ ಒರೆಸುತ್ತಲೇ ಇದ್ದಾಳೆ. ನಾನು ಶೆಡ್ಡಿನ ನಲ್ಲಿಯಲ್ಲೇ ಮಿಂದು ಬರುತ್ತೇನೆ. ಜೊತೆಯವರೆಲ್ಲ ಮದುಮಗ ಬಂದ ಎಂದು ಗೇಲಿ ಮಾಡುತ್ತಾರೆ, ಮಾಡಲಿ.

ನಿನ್ನ ಮಾತನ್ನು ಶೆಡ್ಡಿನ ಯಜಮಾನರ ಕಿವಿಗೂ ಹಾಕಿದೆ. ಅವರು ನಕ್ಕರು. ಅವರಪ್ಪ ಇದೇ ಹೊಗೆ ಕುಡಿದು ಮುದುಕನಾಗಿ ಸತ್ತನಂತೆ, ಒಂದು ಲೋಟ ಹಾಲು ಕುಡಿದರೆ ಎಲ್ಲ ತೊಳೆದು ಹೋಗುತ್ತದಂತೆ. ಅವರ ಮನೆ ಮಾತ್ರ ಊರಾಚೆ ಗುಡ್ಡದ ಮೇಲಿದೆ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಹೊಳೆಯಿತು.

ಕೆಲಸ ಬಿಡು ಎಂದು ಬರೆದಿದ್ದೀಯ. ಬರೆಯುವುದು ಸುಲಭ. ಈ ಓಣಿಯಲ್ಲಿ ಬೇರೆ ಕೆಲಸವಿದ್ದರೆ ನಾವ್ಯಾಕೆ ಇಲ್ಲಿ ಇರುತ್ತಿದ್ದೆವು? ಸೀಸ ಹದಕ್ಕೆ ಬಂತೋ ಇಲ್ಲವೋ ಎಂದು ಬಣ್ಣ ನೋಡಿಯೇ ಹೇಳಬಲ್ಲವನು ನಾನು, ಇನ್ನೇನೂ ಗೊತ್ತಿಲ್ಲ. ನೀನು ಲ್ಯಾಬಿನ ಬಿಳಿ ಕೋಟು ಹಾಕಿಕೊಂಡದ್ದೂ ಆ ಕುಲುಮೆಯ ದುಡ್ಡಿನಿಂದಲೇ. ಹೇಳಬಾರದಿತ್ತು, ಕೈ ಬರೆದುಬಿಟ್ಟಿತು.

ಪಿಟೀಲಿಗೆ ಹಾಲು ಕೊಡುತ್ತಿದ್ದೇವೆ.

ಅಣ್ಣ

—

ಏಪ್ರಿಲ್ ೨

ಅಣ್ಣನಿಗೆ,

ನೀನು ಬರೆದದ್ದರಲ್ಲಿ ಸುಳ್ಳೇನಿಲ್ಲ, ನನಗೆ ಬೇಸರವೂ ಇಲ್ಲ. ನಾನು ಪಾಠ ಹೇಳುವ ದನಿಯಲ್ಲಿ ಬರೆದಿದ್ದರೆ ಕ್ಷಮಿಸು.

ಇಷ್ಟು ವರ್ಷವಾದರೂ ನಿನ್ನ ಕೆಲಸ ಹೇಗೆ ನಡೆಯುತ್ತದೆಂದು ನಾನು ಒಮ್ಮೆಯೂ ಕೇಳಿಲ್ಲ. ಬ್ಯಾಟರಿ ಎಲ್ಲಿಂದ ಬರುತ್ತದೆ, ಎಲ್ಲಿ ಒಡೆಯುತ್ತೀರಿ, ಆಸಿಡ್ ಎಲ್ಲಿಗೆ ಚೆಲ್ಲುತ್ತೀರಿ, ಶೆಡ್ಡಿನಿಂದ ಶಾಲೆ ಎಷ್ಟು ದೂರ, ಬೂದಿ ಎಲ್ಲಿಗೆ ಹೋಗುತ್ತದೆ? ಬಿಡುವಾದಾಗ ವಿವರವಾಗಿ ಬರೆ. ಸುಮ್ಮನೆ ಕೇಳುತ್ತಿದ್ದೇನೆ. ನಮ್ಮ ಡಾಕ್ಟರಮ್ಮನಿಗೂ ಕುತೂಹಲ.

ತಂಗಿ

—

ಏಪ್ರಿಲ್ ೨೦

ಪ್ರೀತಿಯ ತಂಗಿಗೆ,

ನಿನ್ನ ಕಾಗದ ನೋಡಿ ಎಷ್ಟು ಖುಷಿಯಾಯಿತೆಂದರೆ ನಿನ್ನ ಅತ್ತಿಗೆಯನ್ನು ಕರೆದು ಎರಡನೇ ಸಲ ಓದಿದೆ. ಕೊನೆಗೂ ಕೇಳಿದೆಯಲ್ಲ.

ಬ್ಯಾಟರಿಗಳು ದೂರದೂರದಿಂದ ಲಾರಿಯಲ್ಲಿ ಬರುತ್ತವೆ. ಅಂಗಳದಲ್ಲಿ ಹೆಂಗಸರು ಕೊಡಲಿ ಹಿಡಿದು ಒಡೆಯುತ್ತಾರೆ. ಆಸಿಡ್ಡು ಚರಂಡಿಗೆ ಹೋಗುತ್ತದೆ, ಚರಂಡಿ ಓಣಿಯುದ್ದಕ್ಕೂ ಹರಿದು ಕೆರೆಗೆ ಸೇರುತ್ತದೆ. ಒಳಗಿನ ಪ್ಲೇಟುಗಳನ್ನು ಕುಲುಮೆಗೆ ಹಾಕುವುದು ನನ್ನ ಕೆಲಸ. ಮೊದಲು ಮಂಕಾಗಿ ಕರಗುತ್ತದೆ. ಮೇಲೆ ಕಿಟ್ಟ ಕಟ್ಟುತ್ತದೆ, ಅದನ್ನು ಸೌಟಿನಲ್ಲಿ ಎಳೆದು ತೆಗೆಯಬೇಕು. ಆಮೇಲೆ ಕೆಳಗೆ ಕಾಣುತ್ತದೆ ನೋಡು ಹೊಳಪು, ಹೊಸ ಕನ್ನಡಿಯ ಹಾಗೆ. ಆ ಗಳಿಗೆ ಬಿಟ್ಟರೆ ಮಾಲು ಕೆಟ್ಟಿತು. ನಾನು ಬಿಟ್ಟದ್ದಿಲ್ಲ. ಅಚ್ಚಿಗೆ ಸುರಿದು ಆರಿದ ಮೇಲೆ ಗಟ್ಟಿಗಳನ್ನು ಜೋಡಿಸಿಟ್ಟರೆ ನೋಡಲು ಚೆಂದ.

ಕಿಟ್ಟ, ಬೂದಿ ಎಲ್ಲ ಶಾಲೆಯ ಹಿಂದಿನ ಗುಂಡಿಗೆ. ಮೈದಾನ ಮಟ್ಟ ಮಾಡಲು ಮೇಷ್ಟ್ರುಗಳೇ ಕೇಳಿ ಹಾಕಿಸಿಕೊಂಡರು. ಶೆಡ್ಡಿನ ಕಾಂಪೌಂಡೂ ಶಾಲೆಯ ಕಾಂಪೌಂಡೂ ಒಂದೇ ಗೋಡೆ.

ಇನ್ನೇನಾದರೂ ಬೇಕಿದ್ದರೆ ಕೇಳು. ನಿನ್ನ ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಣ್ಣ

—

ಜೂನ್ ೯

ತಂಗಿಗೆ,

ಶೆಡ್ಡಿಗೆ ಬೀಗ ಬಿತ್ತು. ಜೀಪಿನಲ್ಲಿ ಅಧಿಕಾರಿಗಳು ಬಂದರು, ಹಿಂದೆ ಪೊಲೀಸರು. ಮಣ್ಣು ತುಂಬಿಕೊಂಡರು, ಚರಂಡಿಯ ನೀರು ತುಂಬಿಕೊಂಡರು, ಕುಲುಮೆಗೆ ನೀರು ಸುರಿದರು. ಬಿಸಿ ಕುಲುಮೆಗೆ ಯಾರಾದರೂ ತಣ್ಣೀರು ಸುರಿಯುತ್ತಾರೆಯೇ? ಬಿರುಕು ಬಿಟ್ಟ ಸದ್ದು ಓಣಿಯ ಆ ತುದಿಯವರೆಗೆ ಕೇಳಿತು. ನಾನು ಅಲ್ಲೇ ನಿಂತಿದ್ದೆ.

ಯಾರೋ ದೂರು ಕೊಟ್ಟಿದ್ದಾರೆ, ಮೂಲೆಮೂಲೆ ಗೊತ್ತಿದ್ದವರೇ. ಎಲ್ಲರೂ ಟೀಚರಮ್ಮನತ್ತ ಬೆರಳು ತೋರಿಸುತ್ತಿದ್ದಾರೆ. ಓಣಿಯ ಮಕ್ಕಳನ್ನು ಹೀಗಳೆಯುತ್ತಿದ್ದವಳು ಅವಳೇ ತಾನೆ. ಮೊನ್ನೆ ಕೆಲವರು ಹೋಗಿ ಅವಳ ಮನೆಯ ಕಿಟಕಿಗೆ ಕಲ್ಲು ತೂರಿದರು. ಅವಳು ವರ್ಗ ಕೇಳಿಕೊಂಡು ಹೋದಳು. ನಾನು ಕಲ್ಲೆತ್ತಲಿಲ್ಲ, ಹಾಗೆಂದು ತಡೆಯಲೂ ಇಲ್ಲ.

ನಿನ್ನ ಮಾತು ಕೇಳಿ ಪಿಟೀಲನ್ನು ಅವಳ ಅಜ್ಜಿಯ ಊರಿಗೆ ಕಳಿಸಿದ್ದೇನೆ. ಅಲ್ಲಿ ಹೊಗೆಯಿಲ್ಲ. ಮರಿ ಇನ್ನೂ ಮೊಲೆಹಾಲು ಬಿಟ್ಟಿಲ್ಲ, ಅವನು ಇಲ್ಲೇ ಇದ್ದಾನೆ. ನಮ್ಮ ಚಿಂತೆ ಬಿಡು.

ಅಣ್ಣ

—

ಜೂನ್ ೨೦

ಅಣ್ಣನಿಗೆ,

ನಿನ್ನ ಕೈಕೆಲಸ ನಿಂತಿತೆಂದು ಓದಿ ಸಂಕಟವಾಯಿತು. ಆದರೂ ಹೇಳುತ್ತೇನೆ, ಓಣಿಗೆ ಒಳ್ಳೆಯದೇ ಆಯಿತು. ಪಿಟೀಲನ್ನು ಕಳಿಸಿದೆಯಲ್ಲ, ಅದನ್ನು ಓದಿ ಲ್ಯಾಬಿನಲ್ಲಿ ಕೂತೇ ಅತ್ತೆ.

ಟೀಚರಮ್ಮನ ವಿಷಯ ಕೇಳಿ ತುಂಬ ಕೆಟ್ಟದೆನಿಸಿತು. ಅವರೇ ಇರಲಿಕ್ಕಿಲ್ಲ ಅಣ್ಣ. ಯಾರೋ ಹೊರಗಿನವರೇ ಇರಬೇಕು.

ನಮ್ಮ ಆಸ್ಪತ್ರೆಯಲ್ಲಿ ಕಾವಲುಗಾರನ ಕೆಲಸ ಖಾಲಿಯಿದೆ. ನಾನು ಮಾತಾಡಿದ್ದೇನೆ. ಹಿಂದುಗಡೆ ಇರಲು ಒಂದು ಕೋಣೆಯನ್ನೂ ಕೊಡುತ್ತಾರೆ. ಅತ್ತಿಗೆ, ಮಕ್ಕಳನ್ನು ಕರೆದುಕೊಂಡು ಬಂದುಬಿಡು. ಅಲ್ಲಿಯತನಕ ಹೇಗೆ ನಡೆಯುತ್ತಿದೆ?

ತಂಗಿ

—

ಜುಲೈ ೨೫

ತಂಗಿಗೆ,

ನಡೆಯುತ್ತಿದೆ. ಕೈ ಖಾಲಿಯಿಲ್ಲ, ಚೂರುಪಾರು ಕೆಲಸ ಸಿಗುತ್ತದೆ. ಕಾವಲುಗಾರನ ಕೆಲಸ ಬೇಡ. ಕುಲುಮೆಯ ಮೇಸ್ತ್ರಿ ಎನಿಸಿಕೊಂಡವನು ಇನ್ನೊಬ್ಬರ ಗೇಟು ತೆಗೆದು ಸಲಾಮು ಹೊಡೆಯಲೇ?

ಓಣಿ ಈಗ ಎಷ್ಟು ಚೊಕ್ಕಟವಾಗಿದೆಯೆಂದರೆ ನಿನಗೆ ಗುರುತೇ ಸಿಗಲಿಕ್ಕಿಲ್ಲ. ಶೆಡ್ಡಿನ ಹೊಗೆಕೊಳವೆಯಲ್ಲಿ ಕಾಗೆ ಗೂಡು ಕಟ್ಟಿದೆ. ಪಿಟೀಲು ಅಜ್ಜಿಯ ಮನೆಯಲ್ಲಿ ಚೆನ್ನಾಗಿ ಉಣ್ಣುತ್ತಿದ್ದಾಳಂತೆ. ಮರಿಗೆ ಹಲ್ಲು ಬರುತ್ತಿದೆ. ಕಂಡದ್ದೆಲ್ಲ ಬಾಯಿಗೆ ಹಾಕುತ್ತಾನೆ, ಥೇಟು ಮೇಕೆ ಮರಿಯೇ. ಅದಕ್ಕೋ ಏನೋ ಆಗಾಗ ವಾಂತಿ, ರಚ್ಚೆ. ಹಲ್ಲು ಬರುವಾಗ ಹಾಗೇ ಎನ್ನುತ್ತಾಳೆ ನಿನ್ನ ಅತ್ತಿಗೆ.

ಅಣ್ಣ

—

ಆಗಸ್ಟ್ ೮

ಅಣ್ಣನಿಗೆ,

ನಿನ್ನ ಕಾಗದ ಓದಿ ಮನಸ್ಸು ಹಗುರವಾಯಿತು. ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ. ನಮ್ಮ ಡಾಕ್ಟರಮ್ಮ ಹೋದ ವಾರ ದೊಡ್ಡ ಸಭೆಯೊಂದರಲ್ಲಿ ನಿಮ್ಮ ಓಣಿಯ ಕಥೆ ಹೇಳಿದರು. ಔಷಧಿಯಿಂದಲ್ಲ, ಕಾಯಿಲೆಯ ಮೂಲಕ್ಕೇ ಬೀಗ ಹಾಕಿ ಒಂದು ಓಣಿಯ ಮಕ್ಕಳನ್ನು ಉಳಿಸಬಹುದು ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ.

ಮರಿಗೆ ಕಾಯಿಸಿ ಆರಿಸಿದ ನೀರು ಕುಡಿಸಿ. ಹಲ್ಲಿನ ವಾಂತಿ ತಾನಾಗಿಯೇ ನಿಲ್ಲುತ್ತದೆ. ರಜೆ ಸಿಕ್ಕಿದ ಕೂಡಲೇ ಬರುತ್ತೇನೆ.

ತಂಗಿ

—

ಸೆಪ್ಟೆಂಬರ್ ೧೫

ಅಣ್ಣನಿಗೆ,

ನನ್ನ ಹಿಂದಿನ ಕಾಗದಕ್ಕೆ ಉತ್ತರವಿಲ್ಲ. ಅಂಗಡಿಗೆ ಫೋನು ಮಾಡಿದರೆ ನೀವು ಊರಲ್ಲಿಲ್ಲ ಎಂದು ಇಟ್ಟುಬಿಟ್ಟರು. ಎಲ್ಲಿಗೆ ಹೋಗಿದ್ದಿರಿ? ನನ್ನ ಮೇಲೆ ಕೋಪವಿದ್ದರೆ ಬೈದಾದರೂ ಬರೆ. ಮರಿಯ ವಾಂತಿ ನಿಂತಿತೇ?

ತಂಗಿ

—

ಅಕ್ಟೋಬರ್ ೩

ತಂಗಿಗೆ,

ಮರಿ ಹೋದ.

ನಿನಗೆ ಆಗಲೇ ತಿಳಿಸಬೇಕಿತ್ತು. ಕೈ ಏಳಲಿಲ್ಲ. ಈಗ ಎಲ್ಲ ಬರೆಯುತ್ತೇನೆ.

ಶೆಡ್ಡಿಗೆ ಬೀಗ ಬಿದ್ದ ಮೇಲೆ ಯಜಮಾನರು ಮನೆಮನೆಗೆ ಬಂದರು. ಲಾರಿಗಳು ಬರುವುದು ನಿಲ್ಲುವುದಿಲ್ಲ, ಮಾಲು ಕೊಡುತ್ತೇನೆ, ನಿಮ್ಮನಿಮ್ಮ ಹಿತ್ತಲಲ್ಲಿ ಕಾಯಿಸಿಕೊಡಿ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಓಣಿಯವರೆಲ್ಲ ಒಪ್ಪಿದರು, ನಾನೂ ಒಪ್ಪಿದೆ. ಚೂರುಪಾರು ಕೆಲಸ ಎಂದು ನಾನು ಬರೆದದ್ದು ಅದೇ. ಅಡುಗೆಮನೆಯ ಗೋಡೆಗೆ ಒತ್ತಿಕೊಂಡೇ ಸಣ್ಣ ಕುಲುಮೆ ಹೂಡಿದೆ. ಒಂದು ಕೊಳವೆಯಿಂದ ಮೇಲಕ್ಕೆ ಹೋಗುತ್ತಿದ್ದ ಹೊಗೆ ಈಗ ಒಂದೊಂದು ಹಿತ್ತಲಿಂದಲೂ ಎದ್ದು ಒಳಗೇ ಸುತ್ತತೊಡಗಿತು. ಬೀದಿ ಚೊಕ್ಕಟವಾಗಿದ್ದದ್ದು ನಿಜ. ಅಷ್ಟನ್ನು ಮಾತ್ರ ನಿನಗೆ ಬರೆದೆ.

ಪಿಟೀಲನ್ನು ದೂರ ಕಳಿಸಿದ್ದೇನೆ, ಇನ್ನು ಭಯವಿಲ್ಲ ಎಂದುಕೊಂಡಿದ್ದೆ. ನೀನು ಅವಳ ರಕ್ತದ ಬಗ್ಗೆ ಬರೆದಿದ್ದೆ. ನನಗೆ ಅವಳೊಬ್ಬಳೇ ಕಣ್ಣಿಗೆ ಕಟ್ಟಿದ್ದಳು. ಮರಿ ನೆಲದ ಮೇಲೇ ಇದ್ದ. ನೆಲ, ಹೊಸಿಲು, ಹಿತ್ತಲ ಮೆಟ್ಟಿಲು, ಎಲ್ಲ ಕಡೆ ಅಂಗೈ ಊರಿ ಓಡಾಡಿದ, ಅದೇ ಅಂಗೈ ಬಾಯಿಗೆ ಹಾಕಿಕೊಂಡ. ನಿನ್ನ ಅತ್ತಿಗೆ ಎಷ್ಟೆಂದು ಒರೆಸಿಯಾಳು.

ಆಗಸ್ಟ್ ತಿಂಗಳಲ್ಲಿ ವಾಂತಿ ಜಾಸ್ತಿಯಾಯಿತು. ನೀನು ಬರೆದ ಹಾಗೆ ನೀರು ಕಾಯಿಸಿ ಕುಡಿಸಿದೆವು. ಒಂದು ಬೆಳಿಗ್ಗೆ ತಾಯಿಯ ತೊಡೆಯ ಮೇಲೆಯೇ ಕಣ್ಣು ಮೇಲೆ ಮಾಡಿ ಸೆಟೆದುಕೊಂಡ. ಜಿಲ್ಲಾ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಫಿಟ್ಸು ನಿಂತಿತು, ಮತ್ತೆ ಬಂತು. ಅಲ್ಲಿನ ಡಾಕ್ಟರು ಸಣ್ಣ ವಯಸ್ಸಿನವರು. ಓಣಿಯ ಹೆಸರು ಕೇಳಿ ನನ್ನನ್ನು ಪಕ್ಕಕ್ಕೆ ಕರೆದರು.

"ಮನೇಲಿ ಸೀಸ ಕಾಯಿಸ್ತೀರಾ?"

ಬಾಗಿಲ ಹತ್ತಿರ ಪೊಲೀಸಿನವನೊಬ್ಬ ಬೇರೆ ಯಾವುದೋ ಕೇಸಿಗೆ ಬಂದು ನಿಂತಿದ್ದ. ಇಲ್ಲ ಎಂದೆ.

"ನಿಜ ಹೇಳಿ. ಅದಕ್ಕೆ ಬೇರೆ ಔಷಧಿ ಇದೆ."

ಶೆಡ್ಡಿಗೆ ಬೀಗ ಬಿದ್ದಿದೆ ಸಾರ್, ಈಗ ಯಾರೂ ಕಾಯಿಸುವುದಿಲ್ಲ ಎಂದೆ. ಅವರು ಮಿದುಳು ಜ್ವರವಿರಬೇಕೆಂದು ಅದಕ್ಕೆ ಔಷಧಿ ಹಾಕಿದರು. ಮಾರನೆಯ ದಿನ ನಿನ್ನ ಅತ್ತಿಗೆ ನನ್ನನ್ನು ಕೇಳದೆ ತಾನೇ ಹೋಗಿ ಅವರಿಗೆ ನಿಜ ಹೇಳಿದಳು. ಅವರು ನನಗೆ ಬೈಯಲೂ ಇಲ್ಲ. ಓಡಿದರು. ಆ ಔಷಧಿ ಅಲ್ಲಿರಲಿಲ್ಲ, ಬೇರೆ ಕಡೆಯಿಂದ ತರಿಸಬೇಕಿತ್ತು. ಅದು ಬರುವಷ್ಟರಲ್ಲಿ ಮರಿ ತಣ್ಣಗಾಗಿದ್ದ.

ಆಮೇಲೆ ನಾವಿಬ್ಬರೂ ನಿನ್ನ ಅತ್ತಿಗೆಯ ತಾಯಿಯ ಊರಿಗೆ ಹೋಗಿ ಪಿಟೀಲಿನ ಜೊತೆ ಇದ್ದೆವು. ಅವಳಿಗೆ ಏನೂ ಹೇಳಲಿಲ್ಲ. ಮರಿ ಎಲ್ಲಿ ಎಂದದ್ದಕ್ಕೆ ಆಸ್ಪತ್ರೆಯಲ್ಲಿದ್ದಾನೆ ಎಂದೆವು.

ಅಣ್ಣ

—

ಅಕ್ಟೋಬರ್ ೧೨

ಅಣ್ಣ,

ಹೊರಟು ಬರಬೇಕೆಂದು ಬ್ಯಾಗು ತುಂಬಿದೆ. ಬಸ್ ನಿಲ್ದಾಣದವರೆಗೂ ಹೋಗಿ ವಾಪಸು ಬಂದೆ. ಇದನ್ನು ಹೇಳದೆ ಅತ್ತಿಗೆಯ ಮುಖ ನೋಡಲು ನನ್ನಿಂದಾಗದು.

ದೂರು ಕೊಟ್ಟವಳು ನಾನು. ನಿನ್ನ ಏಪ್ರಿಲ್ ಕಾಗದದಲ್ಲಿದ್ದದ್ದನ್ನೆಲ್ಲ ಅಧಿಕಾರಿಗಳಿಗೆ ಬರೆದುಕೊಟ್ಟೆ. ಚರಂಡಿ, ಗುಂಡಿ, ಶಾಲೆಯ ಗೋಡೆ, ಎಲ್ಲವನ್ನೂ. ನೀನು ಪ್ರೀತಿಯಿಂದ ಬರೆದಿದ್ದೆ. ಟೀಚರಮ್ಮನ ಮನೆಗೆ ಕಲ್ಲು ಬಿದ್ದಾಗಲೂ ನಾನು ಬಾಯಿ ಬಿಡಲಿಲ್ಲ.

ಶೆಡ್ಡು ಮುಚ್ಚಿದರೆ ಸೀಸ ಹೋಗುತ್ತದೆಂದು ನಂಬಿದ್ದೆ. ಆ ಶೆಡ್ಡನ್ನೇ ನಂಬಿ ಉಣ್ಣುತ್ತಿದ್ದವರು ಮರುದಿನ ಏನು ಮಾಡುತ್ತಾರೆಂದು ನಾನೂ ಯೋಚಿಸಲಿಲ್ಲ, ಡಾಕ್ಟರಮ್ಮನೂ ಯೋಚಿಸಲಿಲ್ಲ, ಬೀಗ ಹಾಕಿದವರಂತೂ ಮೊದಲೇ ಇಲ್ಲ. ವಾಂತಿ ಎಂದು ನೀನು ಬರೆದಾಗ ನಾನು ಹಲ್ಲು ಎಂದೆ. ದಿನವೂ ಇದೇ ಕೆಲಸ ಮಾಡುವವಳು ನಾನು, ನೀನು ಬರೆದದ್ದನ್ನು ಓದಿಯೂ ಹಲ್ಲು ಎಂದೆ.

ನಿನಗೆ ಏನನಿಸುತ್ತದೋ ಹಾಗೆ ಮಾಡು. ಬಾ ಎಂದರೆ ಬರುತ್ತೇನೆ.

ತಂಗಿ

—

ನವೆಂಬರ್ ೧೯

ತಂಗಿಗೆ,

ನಿನ್ನ ಕಾಗದವನ್ನು ಬಹಳ ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ನಿನ್ನ ಅತ್ತಿಗೆಗೆ ಓದಿ ಹೇಳುವುದೋ ಬೇಡವೋ ಎಂದು ತಿಳಿಯಲಿಲ್ಲ. ಕೊನೆಗೆ ಓದಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಓದಿ ಮುಗಿಸಿದ ಮೇಲೆ ನಾನು ನಿನಗೆ ಎರಡು ಮಾತು ಬೈದೆ.

"ಅವಳು ದೂರು ಕೊಟ್ಟಳು, ಸರಿ," ಅಂದಳು. "ಕುಲುಮೆ ಹಿತ್ತಲಿಗೆ ತಂದೋರು ಯಾರು? ಡಾಕ್ಟರ ಹತ್ರ ಇಲ್ಲ ಅಂದೋರು ಯಾರು?"

ಅಷ್ಟೇ. ಅವತ್ತಿನಿಂದ ನನ್ನ ಹತ್ತಿರ ಮಾತಿಲ್ಲ. ಊಟ ಬಡಿಸುತ್ತಾಳೆ, ಎದ್ದು ಹೋಗುತ್ತಾಳೆ.

ಹಿತ್ತಲ ಕುಲುಮೆ ಕಿತ್ತು ಹಾಕಿದ್ದೇನೆ. ಮಣ್ಣನ್ನೂ ಮೊಣಕಾಲುದ್ದ ಅಗೆದು ತೆಗೆದೆ. ಪಕ್ಕದ ಹಿತ್ತಲುಗಳು ಹಾಗೇ ಇವೆ, ಗಾಳಿಗೆ ಯಾವ ಗೋಡೆ ಅಡ್ಡ? ಮನೆಮನೆಗೆ ಹೋಗಿ ಮರಿಗೆ ಆದದ್ದನ್ನು ಹೇಳಿದೆ, ಮಕ್ಕಳಿರುವ ಮನೆಯಲ್ಲಿ ಬೇಡ ಎಂದೆ. ನಿನ್ನ ಮಗು ಮೊದಲೇ ಪೀಚಲು ಎಂದರು ಕೆಲವರು. ಕೆಲವರು ಬಾಗಿಲು ಹಾಕಿಕೊಂಡರು. ಅವರ ಮೇಲೆ ಸಿಟ್ಟು ಬರಲಿಲ್ಲ. ಫೆಬ್ರವರಿಯಲ್ಲಿ ನಾನೂ ಹಾಗೇ ಇದ್ದೆ. ಓಣಿಯ ಆ ತುದಿಯಲ್ಲಿ ಇನ್ನೊಂದು ಮಗುವಿಗೆ ವಾಂತಿ ಶುರುವಾಗಿದೆ. ನಾನು ಹೋದರೆ ಒಳಗೆ ಬಿಡುತ್ತಿಲ್ಲ.

ಶೆಡ್ಡಿನ ಬೀಗ ತೆಗೆಯುತ್ತಾರೆಂದು ಸುದ್ದಿ. ಯಜಮಾನರು ಎತ್ತರದ ಕೊಳವೆ ಹಾಕಿಸುತ್ತಾರಂತೆ. ತೆಗೆದರೆ ಹಿತ್ತಲ ಕುಲುಮೆಗಳಾದರೂ ಆರುತ್ತವೆ ಎಂದು ಕಾಯುತ್ತಿದ್ದೇನೆ. ನಾನು ಯಾವುದಕ್ಕೆ ಕಾಯುವ ಹಾಗಾಯಿತು ನೋಡು.

ನೀನು ಬರಬೇಡ. ನಿನ್ನನ್ನು ನೋಡಲು ನನ್ನಿಂದಾಗದು. ಮುಂದೆ ಯಾವಾಗಲಾದರೂ ಆದೀತೋ ಏನೋ, ಈಗ ಆಗದು. ನಾವೂ ಅಲ್ಲಿಗೆ ಬರುವುದಿಲ್ಲ. ನಿನ್ನ ಅತ್ತಿಗೆ ಮಗುವನ್ನು ಮಣ್ಣು ಮಾಡಿದ ಊರು ಬಿಟ್ಟು ಏಳುವುದಿಲ್ಲ.

ಆದರೆ ಪಿಟೀಲು ಈ ಓಣಿಗೆ ಮತ್ತೆ ಬರಬಾರದು. ಅವಳ ಅಜ್ಜಿಗೆ ಕಣ್ಣು ಮಂಜು, ಹೆಚ್ಚು ದಿನ ನೋಡಿಕೊಳ್ಳಲಾರಳು. ನೀನು ಇಟ್ಟುಕೊ. ಭಾನುವಾರದ ಬಸ್ಸಿಗೆ ಅಜ್ಜಿಯೇ ಕರೆತರುತ್ತಾಳೆ. ನಿನ್ನ ಆಸ್ಪತ್ರೆಗೆ ಸೇರಿಸಿ ಏನು ಮಾಡಬೇಕೋ ಮಾಡು, ಶಾಲೆಗೆ ಹಾಕು, ಹಿಂದಿನ ಬೆಂಚಾದರೂ ಸರಿಯೇ. ಹೊಟ್ಟೆನೋವು ಕಡಿಮೆಯಾಗಿದೆ. ಮಾತು ಮಾತ್ರ ಮೊದಲಿನ ಹಾಗಿಲ್ಲ. ಅರ್ಧ ಹೇಳಿ ಉಳಿದದ್ದನ್ನು ಹುಡುಕುತ್ತಾ ನಿಲ್ಲುತ್ತಾಳೆ. ಆಗ ನೀನಾಗಿ ಪದ ಒದಗಿಸಬೇಡ, ಅಳುತ್ತಾಳೆ. ಕಾದರೆ ಒಮ್ಮೊಮ್ಮೆ ಸಿಗುತ್ತದೆ.

ಮರಿ ಆಸ್ಪತ್ರೆಯಲ್ಲಿದ್ದಾನೆ ಎಂದೇ ಅವಳು ತಿಳಿದಿದ್ದಾಳೆ. ನಿನ್ನದೂ ಆಸ್ಪತ್ರೆಯೇ ತಾನೆ, ಅಲ್ಲಿಗೆ ಹೋದರೆ ಅವನು ಸಿಗುತ್ತಾನೆಂದು ಹೊರಟು ನಿಂತಿದ್ದಾಳಂತೆ. ಬಂದ ಕೂಡಲೇ ಕೇಳುತ್ತಾಳೆ. ನಾವು ಹೇಳಿಲ್ಲ. ನೀನು ಹೇಳು.

ಅಣ್ಣ